ಪೀಕ್ ಶುದ್ಧ, ತೂಕ ಸುಳ್ಳು

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಗುತ್ತಿಗೆ ಸಂಶೋಧನಾ ಕಂಪನಿ ಸೇರುವವರು ಹೊಸ ಔಷಧ ವಿನ್ಯಾಸ ಮಾಡುವ ಆಸೆ ಇಟ್ಟುಕೊಂಡಿರುತ್ತಾರೆ. ವಿನ್ಯಾಸ ಸಾಮಾನ್ಯವಾಗಿ ಬೇರೆಯವರದು. ನಿಮ್ಮ ಕೈಗೆ ಬರುವುದು ಅಣು ತಯಾರಿಸುವ ಐದಾರು ಹಂತಗಳ ಒಂದು ಸ್ಕೀಮ್. ಕೊನೆಗೆ ಹತ್ತಿಪ್ಪತ್ತು ಮಿಲಿಗ್ರಾಂ ಪುಡಿ, ಶೇ 95ಕ್ಕಿಂತ ಹೆಚ್ಚು ಶುದ್ಧ, ಬಯಾಲಜಿಯವರಿಗೆ ಒಪ್ಪಿಸಬೇಕು.

ದಿನ ಕಳೆಯುವುದು ರಿಯಾಕ್ಷನ್‌ನಲ್ಲಿ ಅಲ್ಲ, ವರ್ಕಪ್ (ರಿಯಾಕ್ಷನ್ ಮುಗಿದ ಮೇಲೆ ತೊಳೆದು ಬೇರ್ಪಡಿಸುವುದು) ಮತ್ತು ಕಾಲಮ್‌ನಲ್ಲಿ (ಸಿಲಿಕಾ ತುಂಬಿದ ಕೊಳವೆಯಲ್ಲಿ ಇಳಿಸಿ ಶುದ್ಧಗೊಳಿಸುವುದು). ಟಿಎಲ್‌ಸಿಯಲ್ಲಿ (ಸಿಲಿಕಾ ಹಚ್ಚಿದ ಪುಟ್ಟ ತಟ್ಟೆಯ ಪರೀಕ್ಷೆ) ಬೇಕಾದ ಸ್ಪಾಟ್ 0.2–0.3 ಆರ್‌ಎಫ್‌ನಲ್ಲಿ (ಸಾಲ್ವೆಂಟ್ ಏರಿದ ದೂರದಲ್ಲಿ ಸ್ಪಾಟ್ ಏರಿದ ಪಾಲು) ನಿಲ್ಲುವ ಸಾಲ್ವೆಂಟ್ ಹುಡುಕಿಕೊಳ್ಳಿ, 0.6ಕ್ಕೆ ಓಡುವುದರಲ್ಲೇ ಕಾಲಮ್ ಹಾಕಿದರೆ ಎಲ್ಲವೂ ಒಟ್ಟಿಗೆ ಇಳಿದುಬರುತ್ತದೆ. ಸಿಲಿಕಾ ಕ್ರೂಡ್‌ನ (ಇನ್ನೂ ಶುದ್ಧಗೊಳಿಸದ ಮಿಶ್ರಣದ) ತೂಕದ 30 ಪಟ್ಟು ಸಾಕು, ಸ್ಪಾಟ್‌ಗಳು ಒತ್ತೊತ್ತಾಗಿದ್ದರೆ 100 ಪಟ್ಟು. ಅಮೀನ್ (ನೈಟ್ರೋಜನ್ ಇರುವ ಕ್ಷಾರೀಯ ಅಣು) ಸಿಲಿಕಾಕ್ಕೆ ಅಂಟಿ ಬಾಲ ಎಳೆಯುತ್ತಿದ್ದರೆ ಶೇ 1ರಷ್ಟು ಟ್ರೈಈಥೈಲಮೀನ್ ಬೆರೆಸಿ.

ಮಿಶ್ರಣವನ್ನು ಬೇರ್ಪಡಿಸಿ ಅಣುತೂಕ ತೋರಿಸುವ ಎಲ್‌ಸಿಎಂಎಸ್ ಯಂತ್ರದಲ್ಲಿ ಎಂ+1 (ಅಣುತೂಕಕ್ಕೆ ಒಂದು ಪ್ರೋಟಾನ್ ಸೇರಿದ ಅಂಕಿ) ಕಾಣಲಿಲ್ಲವೆಂದು ಫ್ಲಾಸ್ಕ್ ಚೆಲ್ಲಬೇಡಿ. ಅಮೀನ್ ಕಾಪಾಡಲು ತಾತ್ಕಾಲಿಕವಾಗಿ ಹಾಕುವ ಬಾಕ್ ಗುಂಪಿರುವ ಅಣು ಯಂತ್ರದೊಳಗೇ ಒಡೆದು ಎಂ–55 ಅಥವಾ ಎಂ–99 ತೋರಿಸುತ್ತದೆ. ಬಾಕ್ ನಿಜವಾಗಿ ಕಳಚಿಹೋದ ಅಮೀನ್‌ಗೂ ಅದೇ ಎಂ–99 ಬರುತ್ತದಲ್ಲ? ರಿಟೆನ್ಶನ್ ಟೈಮ್ (ಕಾಲಮ್‌ನಿಂದ ಹೊರಬರುವ ಹೊತ್ತು) ನೋಡಿ. ಬರಿಯ ಅಮೀನ್ ರಿವರ್ಸ್ ಫೇಸ್‌ನಲ್ಲಿ (ನೀರಿಗೊಲಿಯುವ ಅಣು ಮೊದಲು ಇಳಿಯುವ ಕಾಲಮ್) ಸಾಕಷ್ಟು ಮೊದಲೇ ಹೊರಬರುತ್ತದೆ.

ಇಷ್ಟನ್ನು ಆರು ತಿಂಗಳಲ್ಲಿ ಯಾರಾದರೂ ಕಲಿಯುತ್ತಾರೆ. ಎರಡು ವರ್ಷವಾದರೂ ಕೆಲವರಿಗೆ ಹೊಳೆಯದಿರುವುದು ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ) ಲವಣದ ವಿಷಯ. ಕೊನೆಯ ಶುದ್ಧೀಕರಣಕ್ಕೆ ಬಳಸುವ ಪ್ರೆಪ್ ಎಚ್‌ಪಿಎಲ್‌ಸಿಯ ಮೊಬೈಲ್ ಫೇಸ್‌ನಲ್ಲಿ (ಹರಿಯುವ ಸಾಲ್ವೆಂಟ್) ಟಿಎಫ್‌ಎ ಇದ್ದರೆ ನಿಮ್ಮ ಅಮೀನ್ ಲವಣವಾಗಿ ಹೊರಬರುತ್ತದೆ. ಶುದ್ಧತೆ ಅಳೆಯುವ 254 ನ್ಯಾನೊಮೀಟರ್ ಯುವಿ ಬೆಳಕಿನಲ್ಲಿ ಟಿಎಫ್‌ಎ ಕಾಣದು. ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಪ್ರೋಟಾನ್ ಎನ್‌ಎಂಆರ್‌ನಲ್ಲೂ ಸುಲಭಕ್ಕೆ ಸಿಕ್ಕಿಬೀಳದು. ಶುದ್ಧತೆ ಶೇ 99 ಎಂದು ರಿಪೋರ್ಟ್ ಬರುತ್ತದೆ. ತಕ್ಕಡಿ ಮಾತ್ರ ಟಿಎಫ್‌ಎಯನ್ನೂ ಸೇರಿಸಿ ತೂಗಿರುತ್ತದೆ. ಅಣುತೂಕ 400 ಎಂದು ಬರೆದು 10 ಮಿಲಿಗ್ರಾಂ ಕೊಟ್ಟಿರಿ ಎನ್ನೋಣ. ಬಯಾಲಜಿಯವರು 2.5 ಮಿಲಿಲೀಟರ್ ಡಿಎಂಎಸ್‌ಒ ಸಾಲ್ವೆಂಟ್ ಹಾಕಿ 10 ಮಿಲಿಮೋಲಾರ್ ಎಂದು ಲೇಬಲ್ ಅಂಟಿಸುತ್ತಾರೆ. ಒಂದು ಟಿಎಫ್‌ಎ ಅಂಟಿದ್ದರೆ ಅಣುತೂಕ 514, ದ್ರಾವಣ ನಿಜಕ್ಕೂ 7.8 ಮಿಲಿಮೋಲಾರ್, ಎರಡು ಅಂಟಿದ್ದರೆ 6.4. ಒಳ್ಳೆಯ ಅಣು ಐಸಿ50ಯಲ್ಲಿ (ಅರ್ಧದಷ್ಟು ತಡೆಯಲು ಬೇಕಾದ ಸಾಂದ್ರತೆ) ಒಂದೂವರೆ ಪಟ್ಟು ದುರ್ಬಲವಾಗಿ ಕಾಣುತ್ತದೆ, ಪಕ್ಕದ ಬೆಂಚಿನ ಅಣು ಗೆಲ್ಲುತ್ತದೆ!

ಫ್ಲೋರಿನ್ ಎನ್‌ಎಂಆರ್ ಹಾಕಿಸಿ. –75 ಪಿಪಿಎಂ ಆಸುಪಾಸಿನಲ್ಲಿ ಗೆರೆ ಎದ್ದರೆ ಬೈಕಾರ್ಬೊನೇಟ್‌ನಲ್ಲಿ ತೊಳೆದು ಫ್ರೀ ಬೇಸ್ (ಆಮ್ಲ ಕಳಚಿದ ಬರಿಯ ಅಮೀನ್) ಮಾಡಿ, ಇಲ್ಲವೇ ಲವಣದ ಅಣುತೂಕವನ್ನೇ ಬರೆಯಿರಿ. ಪ್ರೋಟಾನ್ ಎನ್‌ಎಂಆರ್‌ನಲ್ಲಿ, ಸಿಡಿಸಿಎಲ್3 ಸಾಲ್ವೆಂಟ್‌ನಲ್ಲಿ, 4.12, 2.05, 1.26 ಪಿಪಿಎಂ ಗೆರೆಗಳು ಒಟ್ಟಿಗೆ ಕಂಡರೆ ಅದು ಉಳಿದುಹೋದ ಸಾಲ್ವೆಂಟ್, ಈಥೈಲ್ ಅಸಿಟೇಟ್. ಅದೂ ತೂಕದಲ್ಲಿ ಸೇರಿಕೊಳ್ಳುತ್ತದೆ. ಇನ್ನೊಂದು ರಾತ್ರಿ ವ್ಯಾಕ್ಯೂಮ್‌ನಲ್ಲಿಡಿ.

ಸಂದರ್ಶನದಲ್ಲೂ ಶೇ 90 ಯೀಲ್ಡ್ ಬಂದ ಹಂತವನ್ನು ಬಣ್ಣಿಸುವುದಕ್ಕಿಂತ ಕೆಟ್ಟ ಹಂತವನ್ನು ಎತ್ತಿಕೊಳ್ಳಿ: ಏನು ಉಳಿದಿತ್ತು, ಯಾವ ಸ್ಪಾಟ್ ಹೊಸದು, ಅದರ ಮಾಸ್ ಎಷ್ಟು, ಆಮೇಲೆ ಏನನ್ನು ಬದಲಿಸಿದಿರಿ. ನೋಟ್‌ಬುಕ್‌ನಲ್ಲಿ ಆಯಾ ದಿನವೇ ಬರೆದಿಟ್ಟಿದ್ದರೆ ಉತ್ತರ ಸಿದ್ಧವಾಗಿರುತ್ತದೆ.