ಪದೇ ಪದೇ ಬಾಯಿ ಹುಣ್ಣು: ರಕ್ತದ ರಿಪೋರ್ಟಿನಲ್ಲಿ ಏನು ನೋಡಬೇಕು?

ಪ್ರಶ್ನೆ: ನನಗೆ 32 ವರ್ಷ. ತಿಂಗಳಿಗೊಮ್ಮೆ ಬಾಯಲ್ಲಿ ಹುಣ್ಣು ಏಳುತ್ತದೆ, ರೊಟ್ಟಿ ತಿನ್ನೋಕೆ ಆಗಲ್ಲ. ರಕ್ತ ಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ 66, ಲಿಂಫೋಸೈಟ್ 24 ಬಂದಿದೆ. ಇವೆರಡರ ಲೆಕ್ಕದಿಂದ ಉರಿಯೂತ ಗೊತ್ತಾಗುತ್ತದಂತೆ. ನನ್ನದು ಜಾಸ್ತಿ ಇದೆಯಾ? ರಿಪೋರ್ಟ್ ಕಳಿಸಿದ್ದೇನೆ.
– ಓದುಗರೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಇಲ್ಲ, ಜಾಸ್ತಿ ಇಲ್ಲ. 66ನ್ನು 24ರಿಂದ ಭಾಗಿಸಿದರೆ 2.75. ಆರೋಗ್ಯವಾಗಿರುವ ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ.

ಉರಿಯೂತ ಆದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಏರುತ್ತವೆ, ಲಿಂಫೋಸೈಟ್ ಇಳಿಯುತ್ತವೆ. ಅದಕ್ಕೇ ಈ ಲೆಕ್ಕ. ಪದೇ ಪದೇ ಹುಣ್ಣಾಗುವವರಲ್ಲಿ ಇದು ಸ್ವಲ್ಪ ಏರಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ, ಎಲ್ಲವೂ ಅಲ್ಲ. ಜ್ವರ ಬಂದರೂ ಏರುತ್ತದೆ, ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಏರುತ್ತದೆ. ಹಾಗಾಗಿ ಈ ಒಂದು ಅಂಕಿ ಹಿಡಿದು ಹುಣ್ಣಿನ ಕಾರಣ ಹೇಳಲು ಬರುವುದಿಲ್ಲ.

ನನ್ನ ಕಣ್ಣು ನಿಂತಿದ್ದು ಅದೇ ಹಾಳೆಯ ಮೇಲಿನ ಸಾಲುಗಳಲ್ಲಿ. ಹಿಮೋಗ್ಲೋಬಿನ್ 10.2. ಹೆಂಗಸರಿಗೆ ಕನಿಷ್ಠ 12 ಬೇಕು. ಎಂಸಿವಿ 72. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ. ಅದು 80ಕ್ಕಿಂತ ಇಳಿದರೆ ಹೆಚ್ಚಾಗಿ ಕಬ್ಬಿಣದ ಕೊರತೆ. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆ ಇದೆಯಾ ಅಂತ ನೋಡುತ್ತಿದ್ದೆ. ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಬಾಯಿಯ ಒಳಚರ್ಮ ಸೊರಗಿ ಹುಣ್ಣು ಮರುಕಳಿಸಬಹುದು. ದಯವಿಟ್ಟು ಫೆರಿಟಿನ್ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ಅದು ತೋರಿಸುತ್ತದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಸುಮ್ನೆ ಬಿ ಕಾಂಪ್ಲೆಕ್ಸ್ ನುಂಗುತ್ತಾ ಕೂತರೆ ಕಬ್ಬಿಣ ತುಂಬುವುದಿಲ್ಲ.

ನಮ್ಮ ಕಡೆ ಇನ್ನೊಂದು ಕಾರಣ ತಟ್ಟೆಯಲ್ಲೇ ಇರುತ್ತದೆ. ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟಾಗ ಅದರ ಚೂಪು ಅಂಚು ಕೆನ್ನೆಯ ಒಳಗೆ ಗೀರುತ್ತದೆ ಅಲ್ವಾ? ಹುಣ್ಣಿನ ಸ್ವಭಾವ ಇದ್ದವರಿಗೆ ಆ ಸಣ್ಣ ಗೀರೇ ಹುಣ್ಣಾಗಬಹುದು. ಮಾಯುವ ತನಕ ಬಿಸಿ ರೊಟ್ಟಿಯನ್ನು ತೊಗರಿ ಬೇಳೆಯಲ್ಲಿ ನೆನೆಸಿ ತಿನ್ನಿ. ಪುಂಡಿ ಪಲ್ಯದ ಹುಳಿ, ಶೇಂಗಾ ಹಿಂಡಿಯ ಖಾರ ಸದ್ಯಕ್ಕೆ ಬೇಡ. ಊಟ ಆದ ಕೂಡಲೇ ಚಹಾ ಕುಡಿಯಬೇಡಿ, ಊಟದಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಅಪರೂಪದ್ದೊಂದು ಕಾಯಿಲೆ ಇದೆ, ಹೇಳಿಬಿಡುತ್ತೇನೆ. ಸುಮಾರು 21 ದಿನಕ್ಕೊಮ್ಮೆ ಜ್ವರ, ಜೊತೆಗೆ ಹುಣ್ಣು. ಇಲ್ಲಿ ನ್ಯೂಟ್ರೋಫಿಲ್ ಏರುವುದಿಲ್ಲ, ಕೆಲವು ದಿನ ತಳ ಮುಟ್ಟಿ ಮತ್ತೆ ಮೇಲೆ ಬರುತ್ತದೆ. ಒಂದೇ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ವಾರಕ್ಕೆ ಎರಡು ಮೂರು ಸಲದಂತೆ ಆರು ವಾರ ರಕ್ತ ಕೊಡಬೇಕಾಗುತ್ತದೆ. ಕಣ್ಣು ಕೆಂಪಾಗುವುದು, ಗುಪ್ತಾಂಗದಲ್ಲೂ ಹುಣ್ಣಾಗುವುದು ಇದ್ದರೆ ಅದು ಬೇರೊಂದು ಕಾಯಿಲೆಯ ಸುಳಿವಿರಬಹುದು, ಡಾಕ್ಟರಿಂದ ಅದನ್ನೂ ಮುಚ್ಚಿಡಬೇಡಿ.

ಸಾಮಾನ್ಯ ಹುಣ್ಣು 7ರಿಂದ 14 ದಿನದಲ್ಲಿ ಮಾಯುತ್ತದೆ. ಮನೆಯಲ್ಲಿ ಗುಟ್ಕಾ, ತಂಬಾಕು ಹಾಕುವವರಿದ್ದರೆ ಅವರ ಬಾಯಿಯನ್ನೂ ಒಮ್ಮೆ ಬೆಳಕಿನಲ್ಲಿ ನೋಡಿ. ಮೂರು ವಾರವಾದರೂ ಅದೇ ಜಾಗದಲ್ಲಿ ಉಳಿದ ಹುಣ್ಣನ್ನು, ನೋವಿಲ್ಲದಿದ್ದರೂ, ರಕ್ತದ ರಿಪೋರ್ಟ್ ನಾರ್ಮಲ್ ಬಂದಿದ್ದರೂ, ಅದೇ ವಾರ ಡಾಕ್ಟರಿಗೆ ತೋರಿಸಿ.