ಸೊನ್ನೆಗೊಂದು ಕಿವಿಯೋಲೆ

ಮಂಡ್ಯದ ನಮ್ಮ ಬೀದಿಗೆ ಹಾಲು ಹಾಕುವವರು ಮೊನ್ನೆ ಫೋನ್ ಹಿಡಿದುಕೊಂಡು ಬಂದರು. ಮಗಳ ಹಾಸ್ಟೆಲ್ಲಿಗೆ ದುಡ್ಡು ಕಳಿಸಬೇಕು, ಬ್ಯಾಂಕ್ ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡ್ ತಪ್ಪು ಅಂತಲೇ ಬರುತ್ತಿದೆ. ನೋಡಿದರೆ ಐದನೇ ಜಾಗದಲ್ಲಿ ಇಂಗ್ಲಿಷಿನ ‘ಓ’ ಕೂತಿತ್ತು. ಕೋಡ್ ಒಟ್ಟು 11 ಅಕ್ಷರದ್ದು. ಯಾವ ಬ್ಯಾಂಕಿನದ್ದಾದರೂ ಐದನೆಯದು ಸೊನ್ನೆಯೇ. ‘ಮೆಸೇಜಲ್ಲಿ ಇರೋದು ಓ ಅಲ್ವಾ ಸಾ?’ ಅಂದರು. ತಪ್ಪು ಅವರದ್ದಲ್ಲ, ಫಾಂಟಿನದ್ದು.

ಅಕ್ಷರ ದೊಡ್ಡದು ಮಾಡಿದರೆ ಸಾಕು ಅಂತ ತುಂಬ ಜನ ನಂಬಿದ್ದಾರೆ. ಇಲ್ಲ ಸ್ವಾಮಿ. ಏರಿಯಲ್ ಫಾಂಟಿನಲ್ಲಿ ದೊಡ್ಡ ‘ಐ’ ಒಂದು ಗೀಟು, ಸಣ್ಣ ‘ಎಲ್’ ಇನ್ನೊಂದು ಗೀಟು. ಗೋಡೆಯಷ್ಟು ಹಿಗ್ಗಿಸಿದರೂ ಕಾಣುವುದು ಎರಡು ದೊಡ್ಡ ಗೀಟು. ಒಂದೇ ಬಣ್ಣ, ಒಂದೇ ಎತ್ತರದ ಎರಡು ಹಸುಗಳನ್ನು ಹತ್ತಿರದಿಂದ ನೋಡಿ ಏನು ಮಾಡುತ್ತೀರಿ? ಕಿವಿಗೆ ಓಲೆ ಹಾಕಿರಬೇಕು. ಕನ್ಸೋಲಾಸ್ ಫಾಂಟ್ ಸೊನ್ನೆಯ ಹೊಟ್ಟೆಗೆ ಓರೆಗೀಟು ಎಳೆಯುವುದು ಇದಕ್ಕೇ. 1996ರಲ್ಲಿ ಪರದೆಗೆಂದೇ ಬಂದ ವರ್ಡಾನಾದಲ್ಲಿ ‘ಐ’ಗೆ ತಲೆಗೂ ಕಾಲಿಗೂ ಅಡ್ಡಪಟ್ಟಿ ಇದೆ.

ಇದು ಹಳೇ ರೋಗ. ಎಷ್ಟೋ ಹಳೆಯ ಟೈಪ್‌ರೈಟರುಗಳಲ್ಲಿ 1ರ ಕೀಲಿಯೇ ಇರಲಿಲ್ಲ. ಸಣ್ಣ ‘ಎಲ್’ ಒತ್ತಿಯೇ ಒಂದು ಬರೆಯುತ್ತಿದ್ದರು. ಓದುವವರು ಮನುಷ್ಯರು, ನಡೆಯುತ್ತಿತ್ತು.

ಕನ್ನಡದ ರೋಗ ಬೇರೆ. ದನಕ್ಕೂ ಧನಕ್ಕೂ ನಡುವೆ ಇರುವುದು ಅಡಿಯ ಒಂದು ಪುಟ್ಟ ಗೀಟು. ಓಲೆ ಇದೆ, ಆದರೆ ಸಾಸಿವೆಯಷ್ಟು. ಫೋನಿನ ಪರದೆ ಅಂದರೆ ರಂಗೋಲಿಯ ಚುಕ್ಕಿಗಳ ಹಾಗೆ. ಎರಡು ಚುಕ್ಕಿಗಳ ಮಧ್ಯೆ ಇನ್ನೊಂದು ಎಳೆ ಎಳೆಯಲು ಜಾಗವಿಲ್ಲ. ಗೀಟು ಚುಕ್ಕಿಗಿಂತ ಸಣ್ಣದಾದರೆ ಯಂತ್ರ ಅಲ್ಲಿ ಸುಮ್ನೆ ಬೂದಿ ಬಣ್ಣ ಮೆತ್ತುತ್ತದೆ. ಒತ್ತಾಗಿ ನೆಟ್ಟ ಕಬ್ಬಿನ ಗದ್ದೆಯನ್ನು ದೂರದಿಂದ ನೋಡಿ, ಸಾಲು ಕಾಣುವುದಿಲ್ಲ, ಬರೀ ಹಸಿರು. ಇಲ್ಲಿ ಮಾತ್ರ ಅಕ್ಷರ ಹಿಗ್ಗಿಸಿದರೆ ಕೆಲಸ ಆಗುತ್ತದೆ. ಬೋಲ್ಡ್ ಮಾಡಬೇಡಿ! ದಪ್ಪಗಾದ ಗೆರೆ ಒಳಗಿನ ಖಾಲಿ ಜಾಗವನ್ನೇ ತಿನ್ನುತ್ತದೆ. ‘ಠ’ದ ಹೊಟ್ಟೆಯ ಚುಕ್ಕಿ ಕಾಣುವುದು ಸುತ್ತ ಖಾಲಿ ಇದ್ದರೆ ತಾನೆ?

ಹೊಸ ಫಾಂಟ್ ಹಾಕಿದಾಗ ನಾನು ಮೊದಲು ಬರೆಯುವುದು ‘ದನ ಧನ, ರ ಠ, ಪ ಷ ಫ’. ಅದೂ ಸಣ್ಣ ಸೈಜಿನಲ್ಲಿ, ಕನ್ನಡಕ ತೆಗೆದು. ಮದುವೆ ಪತ್ರಿಕೆಯ ಬಳುಕುವ ಫಾಂಟುಗಳು ಇಲ್ಲೇ ಜಾಸ್ತಿ ಬೀಳುತ್ತವೆ.

ಒಂದಕ್ಕೆ ಮಾತ್ರ ಈ ಪರೀಕ್ಷೆಯೂ ಸಾಲದು. ‘ಮಂಡ್ಯ’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ ನೋಡಿ. ಕಣ್ಣಿಗೆ ಅದೂ ಮಂಡ್ಯವೇ. ಆಮೇಲೆ ಸರಿಯಾಗಿ ಬರೆದು ಹುಡುಕಿದರೆ ಕಂಪ್ಯೂಟರಿಗೆ ಊರೇ ಸಿಗುವುದಿಲ್ಲ.