ಸೀಟಿನಡಿಯ ತಾಮ್ರದ ಗೆರೆಗಳು

ಹಳೆಯ ಮೋಟಾರ್‌ಸೈಕಲ್ಲನ್ನು ಪೂರ್ತಿ ಬಿಚ್ಚಿ ಮರಳಿ ಕಟ್ಟುವವರು ಎಂಜಿನ್ನಿಗೂ ಬಣ್ಣಕ್ಕೂ ಕೊಡುವಷ್ಟು ಗಮನವನ್ನು ವೈರಿಂಗಿಗೆ ಕೊಡುವುದು ಅಪರೂಪ. ಹೆಡ್‌ಲೈಟ್ ಡೂಮಿನೊಳಗೆ ತುರುಕಿದ ವೈರುಗಳ ಗಂಟು, ಸೀಟಿನಡಿಯ ಫ್ಯೂಸು, ರಿಲೇ, ಫ್ಲಾಷರ್‌ಗಳು ಹಾಗೆಯೇ ಉಳಿದುಬಿಡುತ್ತವೆ. ಇವೆಲ್ಲವುಗಳ ಕೆಲಸವನ್ನು ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡಿಗೆ ವಹಿಸುವುದು ಈಗ ಹವ್ಯಾಸಿಗಳಿಗೂ ಸಾಧ್ಯ. 1992ರಲ್ಲಿ ಫ್ರಾನ್ಸಿನ ಜ್ಯಾನ್-ಪಿಯೆರ್ ಶರಾಸ್ ಆರಂಭಿಸಿದ ಕೈಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ವಿನ್ಯಾಸ ಮಾಡಿ, ಬೋರ್ಡಿನ ಪದರಗಳ ನಕ್ಷೆಯಿರುವ ಗರ್ಬರ್ ಕಡತಗಳನ್ನು ತಯಾರಕರಿಗೆ ಕಳುಹಿಸಿದರೆ ಬೋರ್ಡು ತಯಾರಾಗಿ ಮನೆಗೆ ಬರುತ್ತದೆ. ಆದರೆ ಮೇಜಿನ ಮೇಲೆ ಸೊಗಸಾಗಿ ನಡೆದ ಬೋರ್ಡು ಬೈಕಿಗೆ ಏರಿದ ಕೆಲವೇ ದಿನಗಳಲ್ಲಿ ಸುಟ್ಟುಹೋಗಬಹುದು. ನಕ್ಷೆಯಲ್ಲಿ ಗೆರೆಯೆಂದರೆ ಎರಡು ಬಿಂದುಗಳ ನಡುವಿನ ಸಂಬಂಧ ಮಾತ್ರ. ಬೋರ್ಡಿನ ಮೇಲೆ ಅದು ಉದ್ದ, ಅಗಲ, ದಪ್ಪಗಳಿರುವ ಲೋಹದ ಪಟ್ಟಿ.

ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ತಲೆಗೂದಲಿನ ಅರ್ಧದಷ್ಟು. 60 ವಾಟ್‌ನ ಹ್ಯಾಲೊಜೆನ್ ಬಲ್ಬೊಂದೇ 5 ಆಂಪಿಯರ್ ಎಳೆಯುತ್ತದೆ. ಹಾರ್ನು, ಬ್ರೇಕ್ ಲೈಟು, ಇಂಡಿಕೇಟರುಗಳು ಸೇರಿದರೆ ಮುಖ್ಯ ಗೆರೆಯಲ್ಲಿ 10 ಆಂಪಿಯರ್ ಹರಿಯುವುದು ಸಹಜ. ವಿನ್ಯಾಸಕಾರರು ಅನುಸರಿಸುತ್ತ ಬಂದಿರುವ, ಐಪಿಸಿ-2221 ಎಂಬ ಬೋರ್ಡ್ ವಿನ್ಯಾಸದ ಮಾನದಂಡದ ಸೂತ್ರದ ಪ್ರಕಾರ, ಇಷ್ಟು ವಿದ್ಯುತ್ತನ್ನು ಹೊತ್ತ ಗೆರೆಯ ಬಿಸಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದೆಂದರೆ ಅದು ಸುಮಾರು 7 ಮಿಲಿಮೀಟರ್ ಅಗಲವಿರಬೇಕು. ಅಂಥ 10 ಸೆಂಟಿಮೀಟರ್ ಉದ್ದದ ಪಟ್ಟಿಯಲ್ಲಿ ಶಾಖವಾಗಿ ಪೋಲಾಗುವುದು ಒಂದು ವಾಟ್‌ಗೂ ಕಡಿಮೆ. ಅಗಲದ ಕಡೆ ಗಮನ ಕೊಡದೆ ಕಾಲು ಮಿಲಿಮೀಟರಿನ ಗೆರೆಯನ್ನೇ ಎಳೆದಿದ್ದರೆ ಅಷ್ಟೇ ಉದ್ದದಲ್ಲಿ 20 ವಾಟ್ ಶಾಖ ಹುಟ್ಟುತ್ತದೆ. ಆಗ ಗೆರೆಯೇ ಫ್ಯೂಸು! ತಾಮ್ರವನ್ನು 70 ಮೈಕ್ರಾನಿಗೆ ಏರಿಸಿದರೆ ಅಗಲ ಅರ್ಧಕ್ಕಿಳಿಯುತ್ತದೆ, ಬೆಲೆ ಏರುತ್ತದೆ. ಸ್ಟಾರ್ಟರ್ ಮೋಟಾರಿನ ವಿದ್ಯುತ್ತನ್ನಂತೂ ಬೋರ್ಡಿನ ಹತ್ತಿರಕ್ಕೂ ತರಬಾರದು. ಅದಕ್ಕೆ ದಪ್ಪ ಕೇಬಲ್ಲೂ ಅದರದೇ ರಿಲೇಯೂ ಇರಲಿ.

ಇನ್ನು ವೋಲ್ಟೇಜಿನ ವಿಷಯ. 12 ವೋಲ್ಟ್ ಎಂಬುದು ಬ್ಯಾಟರಿಯ ಹೆಸರು ಮಾತ್ರ. ಚಾರ್ಜ್ ಆಗುವಾಗ ಅದು 14ನ್ನು ದಾಟುತ್ತದೆ, ಸ್ಟಾರ್ಟರ್ ತಿರುಗುವಾಗ ಹತ್ತಕ್ಕಿಂತ ಕೆಳಗಿಳಿಯಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಸಡಿಲ ಟರ್ಮಿನಲ್ ಕಳಚಿಕೊಂಡರೆ ಅಪಾಯ ಹೆಚ್ಚು. ಬಹುತೇಕ ಬೈಕುಗಳ ಆಲ್ಟರ್ನೇಟರಿನಲ್ಲಿ ತಿರುಗುವುದು ಶಾಶ್ವತ ಅಯಸ್ಕಾಂತ. ಕಾರಿನಲ್ಲಿರುವಂತೆ ಅದರ ಕಾಂತಕ್ಷೇತ್ರವನ್ನು ತಗ್ಗಿಸಲಾಗದು, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಅದು ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಅದನ್ನು ನುಂಗಿಕೊಳ್ಳುತ್ತಿದ್ದ ಬ್ಯಾಟರಿ ಇಲ್ಲವಾದ ಕ್ಷಣದಲ್ಲಿ ವೋಲ್ಟೇಜು ಜಿಗಿಯುತ್ತದೆ. ಹೀಗಾಗಿ ಬೋರ್ಡಿನ ಹೊಸ್ತಿಲಲ್ಲಿ, ವೋಲ್ಟೇಜಿನ ಹಠಾತ್ ಜಿಗಿತವನ್ನು ತಡೆಯುವ ಟಿವಿಎಸ್ ಡಯೋಡೊಂದನ್ನು ಕಾವಲಿಗಿಡುತ್ತಾರೆ. ಇಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ: 24 ವೋಲ್ಟ್ ಎಂದು ಗುರುತಿಸಿದ ಟಿವಿಎಸ್ ಡಯೋಡು ವೋಲ್ಟೇಜನ್ನು 24ಕ್ಕೇ ತಡೆಯುವುದಿಲ್ಲ, ಅಲ್ಲಿಯವರೆಗೆ ಸುಮ್ಮನಿರುತ್ತದೆ ಅಷ್ಟೆ. ಪೂರ್ಣ ಹೊಡೆತ ಬಿದ್ದಾಗ ಅದು ಹಿಡಿದು ನಿಲ್ಲಿಸುವುದು ಸುಮಾರು 39 ವೋಲ್ಟಿನಲ್ಲಿ. ಅದರ ಹಿಂದಿರುವ, ಬೋರ್ಡಿನ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ 36 ವೋಲ್ಟನ್ನಷ್ಟೇ ತಾಳಬಲ್ಲದಾದರೆ ಕಾವಲುಗಾರನಿದ್ದೂ ಮನೆ ಸುಟ್ಟಂತೆ.

ಬ್ಯಾಟರಿಯನ್ನು ತಿರುಗುಮುರುಗು ಜೋಡಿಸುವ ತಪ್ಪು ಯಾರಿಂದಲೂ ಆಗಬಹುದು. ಅದಕ್ಕೆ ಸಾಲಿನಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಮಾಮೂಲಿ ಡಯೋಡು ಹಾಕಿದರೆ 10 ಆಂಪಿಯರಿಗೆ 7 ವಾಟ್ ಶಾಖ ಸಹಿಸಬೇಕು. 10 ಮಿಲಿಓಮ್ ರೋಧದ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಇದೇ ಕೆಲಸವನ್ನು ಒಂದು ವಾಟಿನಲ್ಲಿ ಮುಗಿಸುತ್ತದೆ.

ಸ್ವಿಚ್ಚನ್ನು ಎಲ್ಲಿ ಇಡಬೇಕೆಂಬುದೂ ಇಲ್ಲಿ ಮುಖ್ಯ. ಬೈಕಿನ ಚೌಕಟ್ಟೇ ನೆಗೆಟಿವ್ ತಂತಿಯಾದ್ದರಿಂದ, ಬಲ್ಬಿನ ನೆಗೆಟಿವ್ ಬದಿಯಲ್ಲಿ ಸ್ವಿಚ್ ಇಟ್ಟರೆ, ಹ್ಯಾಂಡಲ್ ತಿರುಗುವ ಕಡೆ ಸವೆದ ವೈರು ಚೌಕಟ್ಟಿಗೆ ತಗುಲಿದೊಡನೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಪಾಸಿಟಿವ್ ಬದಿಯಲ್ಲಿ ಕೂರುವ ಹೈ-ಸೈಡ್ ಸ್ವಿಚ್ ಚಿಪ್ಪುಗಳಾದರೋ ಹರಿಯುವ ವಿದ್ಯುತ್ತನ್ನು ಅಳೆಯುತ್ತಿದ್ದು, ಶಾರ್ಟ್ ಆದೊಡನೆ ಬಾಗಿಲು ಮುಚ್ಚುತ್ತವೆ.

ಕೊನೆಗೆ ಅದುರುವಿಕೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಓಡುವ ಒಂಟಿ ಸಿಲಿಂಡರಿನ ಎಂಜಿನ್ ಬೋರ್ಡನ್ನು ಸೆಕೆಂಡಿಗೆ 83 ಬಾರಿ ಅಲುಗಾಡಿಸುತ್ತದೆ. ಎತ್ತರದ ಕೆಪಾಸಿಟರುಗಳ ಕಾಲುಗಳು ತಂತಿಯನ್ನು ಮತ್ತೆ ಮತ್ತೆ ಮಡಿಸಿದಂತೆ ದಣಿದು ತುಂಡಾಗುತ್ತವೆ. ಅವುಗಳ ಬುಡಕ್ಕೆ ಸಿಲಿಕೋನ್ ಅಂಟು ಬೇಕು. ಸೆರಾಮಿಕ್ ಕೆಪಾಸಿಟರು ಚಪ್ಪಟೆಯಾಗಿದ್ದರೂ ಪಿಂಗಾಣಿಯಷ್ಟೇ ಪೆಡಸು. ತಿರುಪು ಬಿಗಿಯುವ ರಂಧ್ರದ ಪಕ್ಕದಲ್ಲಿ ಬೋರ್ಡು ತುಸು ಬಾಗಿದರೂ ಅದು ಕಣ್ಣಿಗೆ ಕಾಣದಂತೆ ಸೀಳಬಹುದು. ಸೀಳಿದ ಸೆರಾಮಿಕ್ಕು ಎಷ್ಟೋ ಸಲ ಶಾರ್ಟ್ ಆಗುತ್ತದೆ, ಮತ್ತು ಅದು ಬ್ಯಾಟರಿಯ ಎರಡು ತುದಿಗಳ ನಡುವೆ ನೇರವಾಗಿ ಕೂತಿದ್ದರೆ ಬೋರ್ಡು ಹೊಗೆಯಾಡುತ್ತದೆ. ಹಾಗಾಗಿ ಅನುಭವಿಗಳು ಆ ಜಾಗದಲ್ಲಿ ಎರಡು ಕೆಪಾಸಿಟರುಗಳನ್ನು ಒಂದರ ಹಿಂದೊಂದು, ಪರಸ್ಪರ ಲಂಬವಾಗಿ ಕೂರಿಸುತ್ತಾರೆ: ಒಂದೇ ಬಾಗುವಿಕೆಗೆ ಎರಡೂ ಸೀಳುವ ಸಂಭವ ಕಡಿಮೆ.

ಬೆಸುಗೆ ಮುಗಿದ ಬೋರ್ಡಿಗೆ ಮೊದಲ ಬಾರಿ ಬ್ಯಾಟರಿ ಕೊಡುವಾಗ ರೇಡಿಯೋ ರಿಪೇರಿಯವರ ಹಳೆಯ ಉಪಾಯವೇ ಸಾಕು. ಪಾಸಿಟಿವ್ ವೈರಿನ ಸಾಲಿನಲ್ಲಿ ಹೆಡ್‌ಲೈಟಿನ ಬಲ್ಬೊಂದನ್ನು ಸೇರಿಸಿ. ಅದು ಕಪ್ಪಾಗಿಯೇ ಉಳಿದರೆ ಬೋರ್ಡಿನಲ್ಲಿ ಶಾರ್ಟ್ ಇಲ್ಲ, ಮುಂದುವರಿಯಬಹುದು. ಝಗ್ಗನೆ ಉರಿದರೆ ವೈರು ಕಿತ್ತು, ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ಒಂದೊಂದಾಗಿ ನೋಡಬೇಕು.